ಉಪನ್ಯಾಸದ ಪ್ರಸ್ತಾವ ಏಕೆ ಆಯ್ಕೆಯಾಗುತ್ತಿಲ್ಲ?

ಪ್ರಶ್ನೆ: ಓಪನ್ ಸೋರ್ಸ್ ಬ್ಯಾಕಪ್ ತಂತ್ರಾಂಶವೊಂದಕ್ಕೆ ಎರಡು ವರ್ಷಗಳಿಂದ ಕೋಡ್ ಬರೆಯುತ್ತಿದ್ದೇನೆ. ಲಕ್ಷಾಂತರ ಸಣ್ಣ ಫೈಲುಗಳಿದ್ದಾಗ ಅದು ತೀರಾ ನಿಧಾನವಾಗುತ್ತಿತ್ತು, ಅದನ್ನು ಸರಿಪಡಿಸಿದ್ದು ನಾನೇ. ‘ನಮ್ಮ ಬ್ಯಾಕಪ್ ತಂತ್ರಾಂಶದ ಪರಿಚಯ’ ಎಂದು ಎರಡು ಸಮ್ಮೇಳನಗಳಿಗೆ ಪ್ರಸ್ತಾವ ಕಳಿಸಿದೆ. ಎರಡೂ ಕಡೆ ಕಾರಣ ಹೇಳದೆ ತಿರಸ್ಕರಿಸಿದರು. ಏನು ಬದಲಿಸಲಿ?

ಉತ್ತರ: ಶೀರ್ಷಿಕೆಯಲ್ಲೇ ಎಡವಿದ್ದೀರಿ. ಪರಿಚಯ ಬೇಕಾದವರು ರೀಡ್‌ಮಿ (ತಂತ್ರಾಂಶದ ಜೊತೆಗಿರುವ ಪರಿಚಯದ ಕಡತ) ಓದಿಕೊಳ್ಳುತ್ತಾರೆ. ನಿಮ್ಮ ಪ್ರಶ್ನೆಯ ಎರಡನೇ ವಾಕ್ಯದಲ್ಲೇ ಉಪನ್ಯಾಸವಿದೆ. ‘ಸಣ್ಣ ಫೈಲುಗಳು ಲಕ್ಷ ದಾಟಿದರೆ ಬ್ಯಾಕಪ್ ಏಕೆ ತೆವಳುತ್ತದೆ?’ ಎಂದಿಟ್ಟು ನೋಡಿ. ನಿಮ್ಮ ತಂತ್ರಾಂಶವನ್ನು ಮುಟ್ಟದವರಿಗೂ ಅದು ಬೇಕಾದ ವಿಷಯ.

ಸಾರಾಂಶಕ್ಕೆ ನಾಲ್ಕೈದು ವಾಕ್ಯ ಸಾಕು: ತೊಂದರೆ ಏನಿತ್ತು, ಮೂಲ ಎಲ್ಲಿ ಸಿಕ್ಕಿತು, ಏನು ಮಾಡಿದಿರಿ, ಕೇಳಿದವರಿಗೆ ಏನು ದಕ್ಕುತ್ತದೆ. ‘ಉತ್ತರ ವೇದಿಕೆಯಲ್ಲಿ ಹೇಳುತ್ತೇನೆ’ ಎಂಬ ಕುತೂಹಲದ ಆಟ ಬೇಡ; ಗುಟ್ಟು ಬಿಡದಿದ್ದರೆ ಹೇಳಲು ಸರಕಿಲ್ಲವೆಂದೇ ಸಮಿತಿ ತಿಳಿಯುತ್ತದೆ. ವಿವರಣೆಯ ಅಂಕಣದಲ್ಲಿ ನಿಮಿಷಗಳ ಲೆಕ್ಕ ಕೊಡಿ. 25 ನಿಮಿಷದ ಅವಧಿಯಾದರೆ ತೊಂದರೆಗೆ 3, ಅಳತೆ ಮಾಡಿದ ಬಗೆಗೆ 6, ಪರಿಹಾರಕ್ಕೆ 8, ಕೈಕೊಟ್ಟ ಪ್ರಯತ್ನಗಳಿಗೆ 4, ಪ್ರಶ್ನೋತ್ತರಕ್ಕೆ 4. ಸಮಯ ಸಾಲದೆಂದು ಎಲ್ಲರೂ ಮೊದಲು ಕತ್ತರಿಸುವುದು ಆ ಕೈಕೊಟ್ಟ ಪ್ರಯತ್ನಗಳನ್ನೇ. ಕತ್ತರಿಸಬೇಡಿ, ರೀಡ್‌ಮಿಯಲ್ಲಿ ಸಿಗದಿರುವುದು ಅದೊಂದೇ.

ಕೆಲವೆಡೆ ಮೊದಲ ಸುತ್ತಿನಲ್ಲಿ ಹೆಸರು ಮರೆಮಾಡಿ ಓದುತ್ತಾರೆ. ಅಲ್ಲಿ ಸಾರಾಂಶದೊಳಗೆ ಹೆಸರಾಗಲಿ, ನಿಮ್ಮ ಖಾತೆಯ ಹೆಸರಿರುವ ಕೋಡ್ ಕೊಂಡಿಯಾಗಲಿ ಇರಕೂಡದು. ಪ್ರೀಟಾಕ್ಸ್‌ನಂಥ ಸಲ್ಲಿಕೆ ವ್ಯವಸ್ಥೆಗಳಲ್ಲಿ ಸಂಘಟಕರಿಗೆಂದೇ ಟಿಪ್ಪಣಿಯ ಜಾಗವಿರುತ್ತದೆ, ಕಾರ್ಯಕ್ರಮ ಪಟ್ಟಿಯಲ್ಲಿ ಅದು ಕಾಣದು. ಹಿಂದಿನ ಭಾಷಣದ ವಿಡಿಯೊ, ಡೆಮೊ ಕೆಟ್ಟರೆ ಏನು ಮಾಡುತ್ತೀರಿ ಎಂಬುದು ಅಲ್ಲಿಗೆ ಸರಿ. ಆದರೆ ಆ ಟಿಪ್ಪಣಿ ವಿಮರ್ಶಕರ ಕಣ್ಣಿಗೂ ಬೀಳುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.

ವಿಭಾಗದ ಆಯ್ಕೆಯೂ ಮುಖ್ಯ. ಬ್ರಸೆಲ್ಸ್‌ನ ಓಪನ್ ಸೋರ್ಸ್ ಸಮ್ಮೇಳನ ಫಾಸ್‌ಡೆಮ್‌ನಲ್ಲಿ ಒಂದೊಂದು ಡೆವ್‌ರೂಮ್‌ಗೂ (ಒಂದೇ ವಿಷಯಕ್ಕೆ ಮೀಸಲಾದ ಕೋಣೆ) ಬೇರೆ ಆಯ್ಕೆಗಾರರು, ಬೇರೆ ಕೊನೆಯ ದಿನ. ಸ್ಟೋರೇಜ್‌ನವರು ಮೆಚ್ಚುವಂಥದ್ದನ್ನು ಇನ್ನೊಂದು ಕೋಣೆಗೆ ಕಳಿಸಿದರೆ ಒಳ್ಳೆಯ ಪ್ರಸ್ತಾವವೂ ಬಿದ್ದುಹೋಗುತ್ತದೆ.

ಗಡುವಿನ ಮುಂದೆ ‘ಎಒಇ’ (ಎನಿವೇರ್ ಆನ್ ಅರ್ಥ್, ಅಂದರೆ ಭೂಮಿಯ ಯಾವ ಮೂಲೆಯಲ್ಲಾದರೂ ಆ ದಿನ ಮುಗಿಯುವವರೆಗೆ) ಎಂದಿದ್ದರೆ ಅದು ಯುಟಿಸಿಗಿಂತ, ಅಂದರೆ ಜಾಗತಿಕ ಪ್ರಮಾಣ ಸಮಯಕ್ಕಿಂತ, 12 ಗಂಟೆ ಹಿಂದಿನ ಸಮಯ. ಬರೀ ಯುಟಿಸಿ ಎಂದಿದ್ದರೆ ಆ 12 ಗಂಟೆ ನಿಮಗಿಲ್ಲ. ಇನ್ನೊಂದು: ಡ್ರಾಫ್ಟ್ ಆಗಿ ಉಳಿಸಿದ್ದು ಸಲ್ಲಿಕೆಯಲ್ಲ. ದೃಢೀಕರಣದ ಇಮೇಲ್ ಬಂತೇ ನೋಡಿಕೊಳ್ಳಿ.