ಬಾಡಿದ ಸಸಿಗೆ ಇನ್ನೊಂದು ಡೋಸ್ ಕೊಡಬೇಡಿ ಅಣ್ಣ

ಅಣ್ಣ, ಮೊದಲು ಆ ವೆಂಚುರಿ (ಡ್ರಿಪ್ ನೀರಿಗೆ ಗೊಬ್ಬರ ಎಳೆದು ಬೆರೆಸೋ ಸಾಧನ) ಬಂದ್ ಮಾಡಿ. ಆಮೇಲೆ ಓದಿ.

ನಿಮ್ಮದು ನಾಟಿ ಮಾಡಿ 12 ದಿನದ ಕ್ಯಾಪ್ಸಿಕಂ. ಎಲೆ ಅಂಚು ಸುಟ್ಟಿದೆ, ನೆಲ ಒದ್ದೆ ಇದ್ದರೂ ಮಧ್ಯಾಹ್ನ ಸಸಿ ಮಲಗುತ್ತಿದೆ, "ಶಕ್ತಿ ಸಾಲ್ತಿಲ್ಲ, ನಾಳೆ ಇನ್ನೊಂದು ಡೋಸ್ ಪೊಟ್ಯಾಷ್ ಬಿಡ್ತೀನಿ" ಅಂತ ಗುಂಪಿಗೆ ಬರೆದಿದ್ದೀರಿ. ಕೆಳಗೆ ನಾಲ್ಕು ಜನ ಸರಿ ಅಂತ ಹೆಬ್ಬೆಟ್ಟು ಬೇರೆ ಒತ್ತಿದ್ದಾರೆ. ಫೋಟೋ ನೋಡಿ ನನ್ನ ಹೊಟ್ಟೆ ಚುರುಕ್ ಅಂತು. ಇದೇ ಕೆಲಸ ನಾನೂ ಮಾಡಿದ್ದೆ.

ನನ್ನದು ಅರ್ಧ ಎಕರೆ ಟೊಮೆಟೊ. 200 ಲೀಟರ್ ಡ್ರಮ್ಮಿಗೆ 4 ಕೆಜಿ ಬಿಳಿ ಪೊಟ್ಯಾಷ್ ಕರಗಿಸಿ, ಮಗ್ಗಲ್ಲಿ ಬುಡಬುಡಕ್ಕೆ ಹಾಕಿಸಿದೆ. ಲೆಕ್ಕ ಹಾಕಿದರೆ ಶೇ 2ರ ಉಪ್ಪುನೀರು. ಊಟ ಮಾಡಿ ಬರೋಷ್ಟರಲ್ಲಿ ಸಾಲಿಗೆ ಸಾಲೇ ತಲೆ ಬಗ್ಗಿಸಿತ್ತು. ಸೊರಗು ರೋಗ ಅಂದುಕೊಂಡು ಅದರ ಮೇಲೆ ಔಷಧಿನೂ ಸುರಿದೆ! ಮರುದಿನ ಪಕ್ಕದ ತೋಟದ ಹಿರಿಯರೊಬ್ಬರು ಬಂದರು. ಒಂದು ಗಿಡದ ಬುಡ ಕತ್ತರಿಸಿ, ತಿಳಿನೀರಿನ ಲೋಟದಲ್ಲಿ ತುದಿ ಮುಳುಗುವಂತೆ ಹಿಡಿದರು. ಬ್ಯಾಕ್ಟೀರಿಯಾ ಸೊರಗು ಆಗಿದ್ದರೆ ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿಯುತ್ತದೆ. ಹತ್ತು ನಿಮಿಷ ಕಾದೆವು. ನೀರು ತಿಳಿಯಾಗೇ ಇತ್ತು. "ಬೇರನ್ನ ಉಪ್ಪಿನಕಾಯಿ ಹಾಕಿದ್ದೀಯಲ್ಲೋ" ಅಂದರು.

ಮಾವಿನಕಾಯಿ ಹೋಳುಗಳಿಗೆ ಉಪ್ಪು ಬೆರೆಸಿಟ್ಟರೆ ಬೆಳಿಗ್ಗೆ ಭರಣಿಯಲ್ಲಿ ನೀರು ನಿಂತಿರುತ್ತದೆ, ಹೋಳು ಮುದುಡಿರುತ್ತದೆ ಅಲ್ವಾ? ಬೇರಿನ ಜೀವಕೋಶಕ್ಕೂ ಅದೇ ಗತಿ. ಅದರ ಪೊರೆ ನೀರನ್ನ ಸುಲಭವಾಗಿ ಬಿಡುತ್ತದೆ, ಉಪ್ಪನ್ನ ಅಷ್ಟು ಸುಲಭಕ್ಕೆ ಬಿಡಲ್ಲ. ಉಪ್ಪು ಯಾವ ಕಡೆ ಜಾಸ್ತಿಯೋ ನೀರು ಆ ಕಡೆಗೆ. ಉಪ್ಪು ತಿಂದೋನು ನೀರು ಕುಡೀಲೇಬೇಕು ಅಂತಾರೆ. ಇಲ್ಲಿ ಉಪ್ಪು ತಿಂದಿರೋದು ಮಣ್ಣು, ಕುಡಿಯೋದು ಗಿಡದ ಮೈಯ ನೀರನ್ನ. ಶಾಲೆಯಲ್ಲಿ ಒಣದ್ರಾಕ್ಷಿ ನೆನೆಹಾಕಿ ಅಭಿಸರಣೆ ಅಂತ ಬಾಯಿಪಾಠ ಮಾಡಿದ್ವಿ. ತೋಟಕ್ಕೆ ಬಂದ ಮೇಲೆ ಮರೆತ್ವಿ.

ಅವತ್ತಿಂದ ನನ್ನದೊಂದು ಆಲೂಗಡ್ಡೆ ಪರೀಕ್ಷೆ ಇದೆ. ಮನೆಯವರು ನಗ್ತಾರೆ, ನಗಲಿ. ಬೆರಳುದ್ದದ ಹೋಳು ಎರಡು. ಒಂದು ಬರೀ ನೀರಿನ ಲೋಟಕ್ಕೆ, ಇನ್ನೊಂದು ಬುಡಕ್ಕೆ ಹಾಕಬೇಕೆಂದಿರುವ ಗೊಬ್ಬರದ ನೀರಿಗೆ. ಮೂರು ಗಂಟೆ ಬಿಟ್ಟು ಬಗ್ಗಿಸಿ ನೋಡಿ. ಬರೀ ನೀರಿನದು ಪಟ್ ಅಂತ ಮುರಿಯುತ್ತದೆ. ಗೊಬ್ಬರದ್ದು ರಬ್ಬರ್ ಥರ ಬಾಗಿದರೆ ಆ ಡ್ರಮ್ ಗಿಡದ ಹತ್ರಾನೂ ತರಬೇಡಿ. ಆದರೆ ಹೋಳು ಬಾಗಲಿಲ್ಲ ಅಂತ ಧೈರ್ಯವಾಗಿ ಸುರಿಯಲೂಬೇಡಿ. ಆಲೂಗಡ್ಡೆ ಗಟ್ಟಿ ಪಿಂಡ, ಅದು ತಡೆದುಕೊಳ್ಳೋ ಉಪ್ಪಿಗೆ ಎಳೆ ಸಸಿ ನರಳುತ್ತದೆ. ಇದು ತೀರಾ ದೊಡ್ಡ ತಪ್ಪನ್ನ ಮಾತ್ರ ಹಿಡಿಯುತ್ತದೆ.

ಸಣ್ಣ ತಪ್ಪು ಹಿಡಿಯೋಕೆ ಇಸಿ ಮೀಟರ್ (ನೀರಿನ ವಿದ್ಯುತ್ ವಾಹಕತೆ ನೋಡಿ ಉಪ್ಪು ಎಷ್ಟಿದೆ ಅಂತ ಹೇಳೋ ಸಾಧನ) ಬೇಕು. ನನ್ನದು ಹನ್ನಾ ಕಂಪನಿಯದು, ಚೆನ್ನಾಗಿದೆ. ಅಗ್ಗದ ಟಿಡಿಎಸ್ ಪೆನ್ನೂ ನಡೆಯುತ್ತದೆ, ಆದರೆ ಅದು ಇಸಿ 1 ಇದ್ದಾಗ 500 ತೋರಿಸೋ ಸ್ಕೇಲೋ 700 ತೋರಿಸೋದೋ ನೋಡಿಕೊಳ್ಳಿ, ಇಲ್ಲದಿದ್ದರೆ ಲೆಕ್ಕ ಎಲ್ಲೋ ಹೋಗುತ್ತದೆ. ಮೊದಲು ಬೋರ್ ನೀರನ್ನೇ ಅಳೆಯಿರಿ. ನನ್ನ ಬೋರ್ 1.4 (dS/m ಲೆಕ್ಕದಲ್ಲಿ) ತೋರಿಸಿತು. ಗೊಬ್ಬರದ ಉಪ್ಪು ಅದರ ಮೇಲೆ ಸೇರುತ್ತದೆ. ಮಣ್ಣಿನ ಸಾರದ (ನೀರು ತುಂಬಿಸಿದ ಮಣ್ಣಿಂದ ಹಿಂಡಿ ತೆಗೆದ ನೀರಿನ) ಇಸಿ 2.5ರವರೆಗೆ ಟೊಮೆಟೊ ತಡೆಯುತ್ತದೆ, ಕ್ಯಾಪ್ಸಿಕಂ 1.5 ದಾಟಿದರೇ ಬಳಲುತ್ತದೆ. ಅದು ದೊಡ್ಡ ಗಿಡದ ಲೆಕ್ಕ, ನಿಮ್ಮದು 12 ದಿನದ ಕೂಸು.

ಪೊಟ್ಯಾಷ್ ಕೊಡಲೇಬೇಕಾದರೆ ಮುಂದೆ 0:0:50 (ಸಲ್ಫೇಟ್ ಪೊಟ್ಯಾಷ್) ತಗೊಳ್ಳಿ. ದುಬಾರಿ, ಗೊತ್ತು. ಆದರೆ ಬಿಳಿ ಪೊಟ್ಯಾಷ್, ಅಂದರೆ ಮ್ಯೂರಿಯೇಟ್‌ನಷ್ಟು ಉಪ್ಪಿನ ಕಾಟ ಇಲ್ಲ. 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮ ಇರೋ ಗೊಬ್ಬರ) ಯಾವ ಕಂಪನಿಯದು ಅಂತ ಜಗಳ ಆಡೋರಿಗೆ ಒಂದು ಮಾತು: ಇಫ್ಕೋ ಇರಲಿ, ಕೋರಮಂಡಲ್ ಇರಲಿ, ಅಳತೆ ತಪ್ಪಿದರೆ ಎಲ್ಲವೂ ಸುಡುತ್ತವೆ. "ಒಂದು ಹಿಡಿ" ಅಂದರೆ ಯಾರ ಹಿಡಿ ಸ್ವಾಮಿ? ತಕ್ಕಡಿ ಇಟ್ಟುಕೊಳ್ಳಿ.

ಈಗ ಮಾಡಬೇಕಾದ್ದು: ಬರೀ ನೀರು. ಡ್ರಿಪ್ ಜಾಸ್ತಿ ಹೊತ್ತು ಬಿಟ್ಟು ಉಪ್ಪನ್ನ ಬೇರಿನ ಕೆಳಕ್ಕೆ ಇಳಿಸಿ. ಹಾಗಂತ ಕೆರೆ ಮಾಡಬೇಡಿ. ಮಲ್ಚಿಂಗ್ ಶೀಟ್ ಎತ್ತಿ ಒಂದು ಗೇಣು ಕೈ ಹಾಕಿ ನೋಡಿ, ಹಿಂಡಿದರೆ ನೀರು ಸೋರುವಂತಿದ್ದರೆ ನಿಲ್ಲಿಸಿ. ನೀರು ನಿಂತರೆ ಬೇರಿಗೆ ಗಾಳಿ ಇಲ್ಲ. ಪೊಟ್ಯಾಷ್, ನೈಟ್ರೇಟ್ ತಾವಾಗೇ ನುಗ್ಗಿ ಬರಲ್ಲ, ಬೇರು ಉಸಿರಾಡಿ ಶಕ್ತಿ ಖರ್ಚು ಮಾಡಿ ಒಳಗೆ ಎಳೆದುಕೊಳ್ಳಬೇಕು. ಇನ್ನೊಂದು ವಿಚಿತ್ರ: ಪೊರೆಯಲ್ಲಿ ನೀರಿಗೇ ಅಂತ ಸಣ್ಣ ಬಾಗಿಲುಗಳಿವೆ. ಅವನ್ನ ಕಂಡುಹಿಡಿದ ವಿಜ್ಞಾನಿ ಪೀಟರ್ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಬೇರಿಗೆ ಉಸಿರು ಕಟ್ಟಿದರೆ ಆ ಬಾಗಿಲೂ ಮುಚ್ಚಿಕೊಳ್ಳುತ್ತವೆ. ನೀರಲ್ಲೇ ನಿಂತ ಗಿಡ ಬಾಡೋದು ಅದಕ್ಕೇ.

ಟೊಮೆಟೊ ಕಾಯಿ ಬುಡ ಕಪ್ಪಾಗೋದನ್ನ ಮೇಲೆ ಒಬ್ಬರು ಕೇಳಿದ್ದಾರೆ. ಅದು ಕಾಯಿಗೆ ಕ್ಯಾಲ್ಸಿಯಂ ಸಾಲದ ಕತೆ. ಕ್ಯಾಲ್ಸಿಯಂ ನೀರಿನ ಜೊತೆ ಮೇಲೇರುತ್ತದೆ, ಎಲೆಗೆ ಹೋದದ್ದು ಕಾಯಿಗೆ ವಾಪಸ್ ಬರಲ್ಲ. ಒಂದಿನ ಒಣಗಿಸಿ ಒಂದಿನ ಮುಳುಗಿಸೋದು ಬಿಡಿ. ಕ್ಯಾಲ್ಸಿಯಂ ಸ್ಪ್ರೇ ಮಾಡೋದಾದರೆ ಎಳೆ ಕಾಯಿಗೇ ತಾಗಬೇಕು, ಅದೂ ಸಂಜೆ. ಬಿಸಿಲಲ್ಲಿ ಹನಿ ಒಣಗುತ್ತಾ ಗಟ್ಟಿ ಉಪ್ಪಾಗಿ ಎಲೆ ಸುಡುತ್ತದೆ. ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಒಂದೇ ಡ್ರಮ್ಮಿಗೆ 0:0:50 ಹಾಕಬೇಡಿ, ಜಿಪ್ಸಂ ಗಸಿ ಆಗಿ ಡ್ರಿಪ್ಪರ್ ಕಟ್ಟುತ್ತದೆ.

ಹಾಂ, ಸಂಜೆ ಒಂದು ಸಸಿ ಕಿತ್ತು ಬೇರಿನ ಫೋಟೋ ಹಾಕಿ. ತೊಳೆದು ಹಾಕಿ, ಮಣ್ಣು ಮೆತ್ತಿಕೊಂಡಿದ್ದರೆ ಏನೂ ಕಾಣಲ್ಲ. ತುದಿ ಇನ್ನೂ ಬೆಳ್ಳಗಿದ್ದರೆ ಸಸಿ ಉಳಿಯುತ್ತದೆ.