ತಡವಾಗಿ ಎದ್ದ ಕೈ

ಹಾಸನದ ನನ್ನ ಆಪ್ತಸಲಹಾ ಕೊಠಡಿಗೆ ಬಂದ ಆ ಹುಡುಗನಿಗೆ 19 ವರ್ಷ. ಹೊಳೆಸಾಲಿನ ಹಳ್ಳಿಯವನು, ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾನೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವನ ಮತ್ತು ಅವನ ಗೆಳೆಯನ ಒಪ್ಪಿಗೆಯಿದೆ.

ನಿದ್ದೆ ಹತ್ತುತ್ತಿಲ್ಲ, ತುತ್ತು ಇಳಿಯುತ್ತಿಲ್ಲ ಎಂದು ಶುರುಮಾಡಿದವನು ಸಿನಿಮಾದ ಮಾತಿಗೆ ಬಂದ. ಕಾಲೇಜಿನಲ್ಲಿ 1957ರ ‘12 ಆ್ಯಂಗ್ರಿ ಮೆನ್’ ತೋರಿಸಿದ್ದರಂತೆ. ತಂದೆಯನ್ನು ಇರಿದು ಕೊಂದ ಆರೋಪ ಹೊತ್ತ ಹುಡುಗನೊಬ್ಬನ ಹಣೆಬರಹವನ್ನು 12 ಮಂದಿ ಜ್ಯೂರಿ ಸದಸ್ಯರು ಒಂದೇ ಕೋಣೆಯಲ್ಲಿ ಕುಳಿತು ತೀರ್ಮಾನಿಸುವ ಕಥೆ. ಅಪರಾಧಿ ಎನ್ನುವವರು ಕೈ ಎತ್ತಿ ಎಂದಾಗ ಕೆಲವು ಕೈಗಳು ತಟ್ಟನೆ ಮೇಲೇಳುತ್ತವೆ. ಉಳಿದವು ಅಕ್ಕಪಕ್ಕ ನೋಡಿಕೊಂಡು ನಿಧಾನವಾಗಿ ಏಳುತ್ತವೆ. ಹುಡುಗ ಅಲ್ಲಿಗೇ ಎದ್ದು ಹೊರಗೆ ಬಂದಿದ್ದ.

“ತಡವಾಗಿ ಎದ್ದ ಆ ಕೈ ನನ್ನದೇ ಮೇಡಂ” ಎಂದ.

ಮಳೆಗಾಲದಲ್ಲಿ ಹೇಮಾವತಿ ಜಲಾಶಯ ತುಂಬಿದರೆ ಶೆಟ್ಟಿಹಳ್ಳಿಯ ಹಳೆಯ ಚರ್ಚ್ ಅರ್ಧ ಮುಳುಗಿ ನಿಲ್ಲುತ್ತದೆ. ಅದನ್ನು ನೋಡಲು ಇವನೂ ಸೇರಿ ಏಳು ಹುಡುಗರು ಹೋಗಿದ್ದರು. ಅವರಲ್ಲಿ ಒಬ್ಬ ಇವನ ಕೋಣೆಯ ಗೆಳೆಯ, ಈಜು ಬಾರದವನು. ‘ಗಂಡಸಾದರೆ ಇಳಿ’ ಎಂದು ಒಬ್ಬ ಕೆಣಕಿದ, ಎಲ್ಲರೂ ನಕ್ಕರು, ಗೆಳೆಯ ಇಳಿದ. ನಾಲ್ಕು ಹೆಜ್ಜೆಗೆ ಕಾಲು ಜಾರಿತು. ಯಾರೋ ಅಂಗಿ ಹಿಡಿದು ಎಳೆದುಕೊಂಡದ್ದರಿಂದ ಉಳಿದುಕೊಂಡ. ನಮ್ಮ ಹುಡುಗ ಹೊಳೆಯಲ್ಲೇ ಈಜಿ ಬೆಳೆದವನು, ಕೆಸರು ನೀರಿನ ತಳ ಎಂಥದ್ದೆಂದು ಉಳಿದ ಆರು ಜನರಿಗಿಂತ ಚೆನ್ನಾಗಿ ಬಲ್ಲವನು. ಅಷ್ಟೂ ಹೊತ್ತು ಅವನು ಮೊಬೈಲಿನಲ್ಲಿ ಚಿತ್ರೀಕರಿಸುತ್ತಿದ್ದ. ರಾತ್ರಿ ಆ ವಿಡಿಯೊವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದವನೂ ಅವನೇ.

ನನಗೆ ಆ ವಿಡಿಯೊ ತೋರಿಸಿದ. ಕೆಮ್ಮಿನ ಸದ್ದು, ಸುತ್ತಲೂ ನಗು. ಆ ನಗುವಿನಲ್ಲಿ ಮೊಬೈಲಿಗೆ ತೀರಾ ಹತ್ತಿರ ಕೇಳುವ ಒಂದು ದನಿ ಇವನದು. ಅದು ಕೇಳಿಸಿದಾಗ ಅವನು ಪರದೆಯನ್ನು ಅಂಗೈಯಿಂದ ಮುಚ್ಚಿದ.

ಇಂಥವನು ಯಾಕೆ ನಕ್ಕ? ಹಾಸ್ಟೆಲಿಗೆ ಬಂದ ಮೊದಲ ಮೂರು ತಿಂಗಳು ಅವನು ಮೆಸ್ ಮುಚ್ಚುವ ಹೊತ್ತಿಗೆ ಊಟಕ್ಕೆ ಹೋಗುತ್ತಿದ್ದನಂತೆ. ತಟ್ಟೆ ಹಿಡಿದು ಯಾವ ಮೇಜಿನ ಕಡೆ ಹೋಗಬೇಕೆಂದು ತಿಳಿಯದೆ ಎಲ್ಲರೆದುರು ನಿಲ್ಲುವುದೇ ಅವನಿಗೆ ಬೆವರು ಬರಿಸುತ್ತಿತ್ತು. ಒಂದು ದಿನ ಈ ಗುಂಪಿನವರು ‘ಬಾರೋ, ಇಲ್ಲಿ ಕೂರು’ ಎಂದು ಕರೆದರು. ಆ ಒಂದು ಕುರ್ಚಿಯನ್ನು ಉಳಿಸಿಕೊಳ್ಳಲು ಅವನು ಎಷ್ಟೋ ಬಾರಿ ನಕ್ಕಿದ್ದ. ಒಂಟಿತನ ಕಂಡವರು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರರು.

“ನಾನು ಹೇಡಿ” ಎಂಬ ಅವನ ತೀರ್ಪನ್ನು ನಾನು ಒಪ್ಪಲಿಲ್ಲ. ಹಾಗೆಂದು ತಪ್ಪನ್ನು ತೇಲಿಸಲೂ ಇಲ್ಲ. ಒಂದು ಜೀವ ಹೋಗಬಹುದಿತ್ತು ಎಂದು ಸ್ಪಷ್ಟವಾಗಿಯೇ ಹೇಳಿದೆ. ಆಮೇಲೆ ಸಾಲಮನ್ ಆಶ್ ಎಂಬ ಮನೋವಿಜ್ಞಾನಿ 1951ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ವಿವರಿಸಿದೆ. ಒಂದು ಗೆರೆಗೆ ಪಕ್ಕದ ಮೂರು ಗೆರೆಗಳಲ್ಲಿ ಯಾವುದು ಸಮ ಎಂದು ಮಗುವೂ ಹೇಳಬಹುದು. ಆದರೆ ಮೊದಲೇ ಹೇಳಿಕೊಟ್ಟಿದ್ದ ಜೊತೆಗಾರರೆಲ್ಲ ಒಕ್ಕೊರಲಿನಿಂದ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಮಂದಿ ಒಮ್ಮೆಯಾದರೂ ಅದನ್ನೇ ಹೇಳಿದರು. ಸರಿ ಉತ್ತರ ಹೇಳುವ ಇನ್ನೊಬ್ಬನನ್ನು ಜೊತೆಗೆ ಕೂರಿಸಿದಾಗ ಈ ಒತ್ತಡ ಬಹುಪಾಲು ಕರಗಿತು. ಉತ್ತರವನ್ನು ಗುಟ್ಟಾಗಿ ಬರೆಯಲು ಬಿಟ್ಟಾಗಲೂ ತಪ್ಪುಗಳು ಇಳಿದವು.

ಸಿನಿಮಾದ ಉಳಿದ ಭಾಗವನ್ನು ನೋಡಿಕೊಂಡು ಬಾ ಎಂದು ಕಳಿಸಿದೆ. ಒಬ್ಬಂಟಿಯಾಗಿ ಭಿನ್ನಮತ ಹಾಕಿದವನು ಮುಂದೆ ಚೀಟಿಯಲ್ಲಿ ಗುಟ್ಟಾಗಿ ಮತ ಹಾಕಲು ಕೇಳುತ್ತಾನೆ. ಆಗ ಒಂದು ಚೀಟಿ ಬದಲಾಗುತ್ತದೆ. ಅದು ಮೊದಲ ಮತದಲ್ಲಿ ತಡವಾಗಿ ಕೈ ಎತ್ತಿದ್ದ ಮುದುಕರದು. ಮರುವಾರ ಬಂದ ಹುಡುಗ ಆ ಮುದುಕರ ಬಗ್ಗೆಯೇ ಮಾತಾಡಿದ.

ಮುಂದಿನ ಸಲಹೆ ಅಲ್ಲಿಂದಲೇ ಹುಟ್ಟಿತು. ಗುಂಪಿನ ನಡುವೆ ನಿಂತು ಭಾಷಣ ಮಾಡಬೇಡ. ಅವತ್ತು ಯಾರ ನಗು ಅರ್ಧಕ್ಕೆ ನಿಂತಿತ್ತೋ ನೆನಪಿಸಿಕೋ, ಅವನೊಬ್ಬನ ಹತ್ತಿರ ಟೀ ಕುಡಿಯುವಾಗ ‘ನನಗೆ ಅವತ್ತು ಭಯವಾಗಿತ್ತು’ ಎಂದಷ್ಟೇ ಹೇಳು. ಈ ವಾಕ್ಯವನ್ನು ನನ್ನೆದುರು ಎಂಟು ಹತ್ತು ಬಾರಿ ಹೇಳಿಸಿದೆ, ಮೊದಲ ಸಲ ದನಿಯೇ ಹೊರಡಲಿಲ್ಲ. ವಿಡಿಯೊ ಅಳಿಸು, ಉಳಿದವರಿಗೂ ಅಳಿಸಲು ಕೇಳು. ಗೆಳೆಯನಲ್ಲಿ ಕ್ಷಮೆ ಕೇಳುವಾಗ ‘ಎಲ್ಲರೂ ನಕ್ಕರು’ ಎನ್ನಬೇಡ, ‘ನಾನು ನಕ್ಕೆ’ ಎನ್ನು. ದೂರು ಕೊಡುವ ತೀರ್ಮಾನ ಗೆಳೆಯನದು. ಅವನಿಗೆ ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ತಿಳಿದಿರಲಿ ಎಂದು ಚೀಟಿಯಲ್ಲಿ ಬರೆದುಕೊಟ್ಟೆ.

ಟೀ ಅಂಗಡಿಯಲ್ಲಿ ಆ ಒಬ್ಬನಿಗೆ ಹೇಳಿದಾಗ, ತನಗೂ ಅವತ್ತು ಕೈಕಾಲು ನಡುಗಿತ್ತು ಎಂದನಂತೆ. ಗೆಳೆಯನ ಮುಂದೆ ಮಾತ್ರ ಕಷ್ಟವಾಯಿತು. ಅವನು ಬಹಳ ಹೊತ್ತು ಸುಮ್ಮನಿದ್ದು, “ಈಜು ಬರುವವನು ನೀನು. ಯಾಕೆ ತಡೆಯಲಿಲ್ಲ?” ಎಂದು ಕೇಳಿದ.

“ನೀವೆಲ್ಲ ನನ್ನನ್ನು ಬಿಟ್ಟುಬಿಡುತ್ತೀರಿ ಎಂದು ಹೆದರಿದೆ.”

“ನಾನು ನೀರಿಗೆ ಇಳಿದದ್ದೂ ಅದಕ್ಕೇ” ಎಂದ ಗೆಳೆಯ.

ವಾರ್ಡನ್ ಬಳಿ ಹೋಗುವುದೋ ಬೇಡವೋ ಎಂದು ಗೆಳೆಯ ಇನ್ನೂ ನಿರ್ಧರಿಸಿಲ್ಲ. ಹೋದರೆ ತಾನೂ ಜೊತೆಗೆ ಬರುವುದಾಗಿ ಹುಡುಗ ಹೇಳಿದ್ದಾನೆ.