ಬಂಡೆಗೆ ಒಮ್ಮೆ ಬಂದವರು ಮತ್ತೆ ಬರಬೇಕಾದರೆ

ಹೊಸೂರಿನ ಓದುಗರೊಬ್ಬರು ಬರೆದ ಕಾಗದದ ಸಾರ ಇದು: "ನಾವು ಕೆಲವು ಗೆಳೆಯರು ತಿಂಗಳಿಗೊಂದು ಭಾನುವಾರ ರಾಯಕೋಟೆ ಕಡೆಯ ಬಂಡೆಗಳಲ್ಲಿ ಹತ್ತುವ ಕೂಟ ನಡೆಸುತ್ತೇವೆ. ಶುಲ್ಕ ಇಲ್ಲ, ಕೈಯಲ್ಲಿ ಹಣವೂ ಕಡಿಮೆ. ಪೋಸ್ಟರಿನಲ್ಲಿ 'ಎಲ್ಲರಿಗೂ ಸ್ವಾಗತ' ಎಂದೇ ಹಾಕಿದ್ದೆವು. ಮೊದಲ ಸಲ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ಹುಡುಗಿಯರು, ಇಬ್ಬರು ಶಿಕ್ಷಕಿಯರು, ಒಬ್ಬ ಟ್ರಾನ್ಸ್ ಯುವಕ ಬಂದರು. ಎರಡನೇ ಸಲ ಅವರಲ್ಲಿ ಒಬ್ಬರೂ ಬರಲಿಲ್ಲ. ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ. ಎಲ್ಲಿ ತಪ್ಪಿತು? ಹೆಂಗಸರಿಗೇ ಬೇರೆ ದಿನ ಇಡಬೇಕೆ?"

ಸಂಪಾದಕರ ಉತ್ತರ:

ಪ್ರಿಯರೇ, ನಮಸ್ಕಾರ.

ಯಾರೂ ಕೆಟ್ಟದಾಗಿ ನಡೆದುಕೊಂಡಿಲ್ಲ ಎಂಬ ನಿಮ್ಮ ಮಾತನ್ನು ನಂಬುತ್ತೇವೆ. ಆದರೂ ಜನ ಬಿಟ್ಟುಹೋಗುತ್ತಾರೆ. ಬೆಳಿಗ್ಗೆ ಆರಕ್ಕೆ ಬಂದು ಮಧ್ಯಾಹ್ನದವರೆಗೂ ಬಂಡೆಯ ಬುಡದಲ್ಲಿ ಕಳೆಯುವ ಹೆಣ್ಣುಮಗಳಿಗೆ ಆ ಜಾಗ ತನ್ನದೆನಿಸುವುದು ನೀವು ಹಿಂದಿನ ದಿನ ಏನೇನು ಸಿದ್ಧ ಮಾಡಿಟ್ಟಿದ್ದೀರಿ ಎಂಬುದರ ಮೇಲೆ. ಪೋಸ್ಟರಿನ ಮಾತಿಗೆ ಅಷ್ಟು ಬಲವಿಲ್ಲ.

ಮೊದಲು ಶೌಚದ ವಿಷಯ. ಸಂಕೋಚಪಟ್ಟುಕೊಂಡು ಇದನ್ನು ಕೊನೆಗೆ ತಳ್ಳುವುದರಿಂದಲೇ ಬಹಳಷ್ಟು ಕೂಟಗಳು ಕೆಡುತ್ತವೆ. ಬಯಲಲ್ಲಿ ಮರೆ ಇಲ್ಲವೆಂದು ಗೊತ್ತಿರುವ ಹೆಂಗಸರು ಹಿಂದಿನ ರಾತ್ರಿಯಿಂದಲೇ ನೀರು ಕಡಿಮೆ ಮಾಡುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಕಲ್ಲು ಕಾದಿರುತ್ತದೆ. ತಲೆ ಸುತ್ತುತ್ತದೆ, ಮೀನಖಂಡ ಹಿಡಿಯುತ್ತದೆ, ಬೆರಳು ಸೋಲುತ್ತದೆ. ನೋಡಿದವರು "ಪಾಪ, ಸುಸ್ತಾಯಿತು" ಎನ್ನುತ್ತಾರೆ. ಅಲ್ಲಿ ಆಗಿದ್ದು ನೀರಡಿಕೆ. ನಮ್ಮ ಕಡೆ ಇನ್ನೊಂದು ಅಪಾಯವೂ ಇದೆ. ಹತ್ತಲು ತಂಪಾದ ತಿಂಗಳುಗಳೇ ರಾಗಿ ಕೊಯ್ಲಿನ ತಿಂಗಳುಗಳು. ಬನ್ನೇರುಘಟ್ಟದ ಕಡೆಯಿಂದ ಆನೆ ಹಿಂಡುಗಳು ತಳಿ, ಡೆಂಕಣಿಕೋಟೆ, ಸಾನಮಾವು ಸುತ್ತ ಇಳಿಯುವುದೂ ಆಗಲೇ. ಮಬ್ಬುಗತ್ತಲಲ್ಲಿ ಒಬ್ಬಳನ್ನೇ "ಆ ಪೊದೆಯ ಹಿಂದೆ ಹೋಗಿ" ಎಂದು ಕಳಿಸುವಂತಿಲ್ಲ.

ಬೇಕಾದ್ದು ಇಷ್ಟು: ಎದ್ದು ನಿಲ್ಲಲು ಆಗುವಷ್ಟು ಎತ್ತರದ, ಮಡಚುವ ಒಂದು ಟೆಂಟ್, ಒಳಗೆ ಸಣ್ಣ ಸನಿಕೆ, ಬಕೆಟ್, ಚೊಂಬು, ಸೋಪು, ಟಾರ್ಚು. ಕೆರೆ, ಹಳ್ಳದಿಂದ 60 ಮೀಟರಾದರೂ ದೂರವಿರಲಿ. ಮಣ್ಣಿರುವ ಕಡೆ ಆರರಿಂದ ಎಂಟು ಅಂಗುಲ ಆಳದ ಗುಂಡಿ ತೋಡಿ, ಆಮೇಲೆ ಮುಚ್ಚಿ. ಬರೀ ಕಲ್ಲಿರುವ ಕಡೆ ಗುಂಡಿ ಆಗುವುದಿಲ್ಲ, ಅಲ್ಲಿ ಗಟ್ಟಿ ಚೀಲದಲ್ಲಿ ಕಟ್ಟಿ ಊರಿಗೆ ತರಬೇಕು. ಬಾಗಿಲಿಗೊಂದು ಕೆಂಪು ಬಟ್ಟೆ ಕಟ್ಟಿಡಿ, ಹೊರಗೆ ಇಳಿಬಿಟ್ಟಿದ್ದರೆ ಒಳಗೆ ಜನ ಇದ್ದಾರೆ ಎಂದರ್ಥ. ಎರಡು ಅಳತೆಯ ಮುಟ್ಟಿನ ಪ್ಯಾಡುಗಳು, ಹಳೆಯ ಪತ್ರಿಕೆ, ಕಪ್ಪು ಕವರು ಅಲ್ಲೇ ಇರಲಿ. ಯಾರನ್ನೂ ಕೇಳಿ ಪಡೆಯುವ ಹಾಗಿರಬಾರದು. ಪ್ಯಾಡಿನಲ್ಲಿ ಪ್ಲಾಸ್ಟಿಕ್ ಇರುವುದರಿಂದ ಸುಡುವುದೂ ಹೂಳುವುದೂ ಬೇಡ, ಕಟ್ಟಿ ತನ್ನಿ. ಟೆಂಟಿನ ಮೇಲೆ ಗಂಡು, ಹೆಣ್ಣು ಎಂದು ಬರೆಯಬೇಡಿ. ಒಬ್ಬರಾದ ಮೇಲೆ ಒಬ್ಬರು ಹೋಗುವ ಜಾಗಕ್ಕೆ ಅದು ಬೇಕಿಲ್ಲ, ಮತ್ತು ಆ ಟ್ರಾನ್ಸ್ ಯುವಕ ಯಾವ ಕಡೆ ಹೋಗಲಿ ಎಂದು ನಿಂತು ಯೋಚಿಸುವ ಕಷ್ಟ ತಪ್ಪುತ್ತದೆ. ಹತ್ತಿರದಲ್ಲಿ ಮನೆಯೋ ಶಾಲೆಯೋ ಇದ್ದರೆ ಹಿಂದಿನ ವಾರವೇ ಕೇಳಿಕೊಂಡು, ನೀರಿಗೂ ಶುಚಿ ಮಾಡುವುದಕ್ಕೂ ಹಣ ಕೊಟ್ಟು, ಅಲ್ಲಿಯ ಶೌಚಾಲಯ ಬಳಸುವುದು ಟೆಂಟಿಗಿಂತ ಮೇಲು.

ಇನ್ನು ಹಾರ್ನೆಸ್, ಅಂದರೆ ಹಗ್ಗ ಕಟ್ಟಿಕೊಳ್ಳಲು ಸೊಂಟಕ್ಕೂ ತೊಡೆಗೂ ಹಾಕುವ ಪಟ್ಟಿಗಳ ಜೋಡಣೆ. ಒಂದೇ ಅಳತೆಯ ನಾಲ್ಕೈದು ಕೊಂಡು ಎಲ್ಲರಿಗೂ ಅದನ್ನೇ ಬಿಗಿದು ಕಟ್ಟುವುದು ನಮ್ಮ ಕ್ಲಬ್ಬುಗಳ ರೂಢಿ. ಸೊಂಟದ ಪಟ್ಟಿ ಕೂರಬೇಕಾದ್ದು ಸೊಂಟದ ಮೂಳೆಯ ಮೇಲ್ಭಾಗದಲ್ಲಿ. ಬಿಗಿದ ಮೇಲೆ ಎರಡು ಬೆರಳು ತೂರಬೇಕು, ಆದರೆ ಕೆಳಗೆ ಎಳೆದರೆ ಮೂಳೆ ದಾಟಿ ಜಾರಬಾರದು. ಜಾರುವ ಪಟ್ಟಿಯಲ್ಲಿ ತಲೆಕೆಳಗಾಗಿ ಬಿದ್ದರೆ ದೇಹ ಕಳಚಿಕೊಳ್ಳುವ ಅಪಾಯವಿದೆ. ಸೊಂಟದ ಪಟ್ಟಿಗೂ ಕಾಲುಪಟ್ಟಿಗೂ ನಡುವಿನ ಅಂತರ ಸಾಮಾನ್ಯ ಹಾರ್ನೆಸ್ಸಿನಲ್ಲಿ ಅನೇಕ ಹೆಂಗಸರಿಗೆ ಸಾಲುವುದಿಲ್ಲ. ಆಗ ಪಟ್ಟಿ ಕೆಳಗೆ ಎಳೆದುಕೊಳ್ಳುತ್ತದೆ, ಇಲ್ಲವೇ ಕಾಲುಪಟ್ಟಿ ತೊಡೆಸಂದು ಕೊಯ್ಯುತ್ತದೆ. ಹಾಗೆ ಒಂದು ಗಂಟೆ ನೋವು ತಿಂದವರು ಮತ್ತೆ ಏಕೆ ಬರುತ್ತಾರೆ? ಕಾಲುಪಟ್ಟಿಗೂ ಬಕಲ್ ಇರುವಂಥವನ್ನು ಸಣ್ಣ, ನಡು, ದೊಡ್ಡ ಅಳತೆಗಳಲ್ಲಿ ಕೊಳ್ಳಿ. ಹೆಂಗಸರ ಅಳತೆಗೆಂದೇ ಮಾಡಿದ ಒಂದೆರಡು ಜೊತೆಗಿರಲಿ. ಚೀಟಿಯ ಮೇಲೆ "ಲೇಡೀಸ್" ಎನ್ನುವ ಬದಲು ಸೊಂಟ, ತೊಡೆಯ ಅಳತೆಯನ್ನು ಸೆಂಟಿಮೀಟರಿನಲ್ಲಿ ಬರೆಯಿರಿ. ಯಾವ ದೇಹಕ್ಕೆ ಯಾವುದು ಕೂರುತ್ತದೋ ಅದನ್ನು ಅವರೇ ಆರಿಸಿಕೊಳ್ಳಲಿ.

ಅದನ್ನು ಕಟ್ಟುವಾಗ ಆಗುವ ಮುಟ್ಟಾಟದ ಬಗ್ಗೆ ನಾವು ಕಟ್ಟುನಿಟ್ಟು. ಹೇಳಿಕೊಡುವವರು ತಮ್ಮ ಮೈಮೇಲೆ ಹಾಕಿ ತೋರಿಸಲಿ, ಕಲಿಯುವವರು ತಾವೇ ಹಾಕಿಕೊಳ್ಳಲಿ. ತಪಾಸಣೆ ಕಣ್ಣಿನಿಂದ, ಬಾಯಿಂದ ನಡೆಯಲಿ: ಬಕಲ್ ಬಿಗಿಯಿದೆಯೇ; ಹಗ್ಗ ಸೊಂಟದ ಮತ್ತು ಕಾಲಿನ ಎರಡೂ ಕುಣಿಕೆಗಳಲ್ಲಿ ಹಾದಿದೆಯೇ; ಹಗ್ಗವನ್ನು ಹಾರ್ನೆಸ್ಸಿಗೆ ಕಟ್ಟುವ ಫಿಗರ್ ಎಯ್ಟ್ ಗಂಟಿನ ಎಳೆಗಳು ಜೋಡಿಯಾಗಿ ಕೂತಿವೆಯೇ, ಅದರ ಬಾಲ ಒಂದು ಮುಷ್ಟಿಗಿಂತ ಉದ್ದ ಉಳಿದಿದೆಯೇ; ಕ್ಯಾರಬೈನರ್ (ಬಾಗಿಲಿರುವ ಲೋಹದ ಕೊಕ್ಕೆ) ಲಾಕ್ ಆಗಿದೆಯೇ. ಪಟ್ಟಿಯನ್ನು ಹತ್ತುವವರೇ ಎಳೆದು ತೋರಿಸಲಿ. ಕೈಹಾಕಲೇಬೇಕಾದರೆ "ಸೊಂಟದ ಪಟ್ಟಿ ಹಿಡಿದು ನೋಡಲೇ?" ಎಂದು ಕೇಳಿ, ಉತ್ತರ ಬರುವವರೆಗೆ ನಿಲ್ಲಿ. ಬೇಡ ಎಂದರೆ ಅವರೇ ಹೇಳಿದವರು ನೋಡಲಿ. ತಪಾಸಣೆಯಿಲ್ಲದೆ ಮಾತ್ರ ಯಾರೂ ನೆಲ ಬಿಡುವಂತಿಲ್ಲ, ಅದಕ್ಕೆ ಸಂಕೋಚದ ರಿಯಾಯಿತಿ ಇಲ್ಲ. ಹಗ್ಗವಿಲ್ಲದೆ ಸಣ್ಣ ಬಂಡೆ ಹತ್ತುವಾಗ ಕೆಳಗೆ ಕಾಯುವವರ ಕೈ ಎಲ್ಲಿ ತಾಗುತ್ತದೆ ಎಂಬುದನ್ನೂ ಮೊದಲೇ ಹೇಳಿಬಿಡಿ: ಸೊಂಟಕ್ಕೆ ಇಲ್ಲವೇ ಭುಜದ ಹಿಂಬದಿಗೆ. ಬೀಳುವವರನ್ನು ಎತ್ತಿ ಹಿಡಿಯುವ ಕೆಲಸ ಅದಲ್ಲ. ತಲೆ ಕಾಪಾಡಿ, ದೇಹವನ್ನು ನೆಲಕ್ಕೆ ಹಾಸಿದ ದಪ್ಪ ಪ್ಯಾಡಿನ ಮೇಲೆ ತಿರುಗಿಸಬೇಕು.

ಉಡುಪಿನ ಸೂಚನೆಯನ್ನು ಎಲ್ಲರಿಗೂ ಒಂದೇ ಸಂದೇಶದಲ್ಲಿ ಕಳಿಸಿ. ಚೂಡಿದಾರದ ಪ್ಯಾಂಟು ನಡೆಯುತ್ತದೆ, ಟಾಪನ್ನು ಸೊಂಟಕ್ಕೆ ಸಿಕ್ಕಿಸಬೇಕು, ದುಪಟ್ಟಾ ಚೀಲದಲ್ಲಿರಲಿ. ಹಿಜಾಬ್ ಇದ್ದರೆ ಪಿನ್ನಿಲ್ಲದೆ, ಹೆಲ್ಮೆಟ್ಟಿನ ಕೆಳಗೆ ಚಪ್ಪಟೆಯಾಗಿ ಕಟ್ಟಿಕೊಳ್ಳಲಿ. ಉಂಗುರ ತೆಗೆಯಲೇಬೇಕು, ಬಿರುಕಿನಲ್ಲಿ ಸಿಕ್ಕಿ ಜಾರಿದರೆ ಬೆರಳಿನ ಚರ್ಮವನ್ನೇ ಸುಲಿದುಬಿಡುತ್ತದೆ. ಗಾಜಿನ ಬಳೆಯೂ ಬೇಡ. ತಾಳಿ ತೆಗೆಯಿರಿ ಎಂದು ಮಾತ್ರ ಯಾರಿಗೂ ಹೇಳಬೇಡಿ, ಬಟ್ಟೆಯೊಳಗೆ ಹಾಕಿ ಟೇಪು ಅಂಟಿಸಿಕೊಂಡರೆ ಸಾಕು. ಜಡೆಯನ್ನು ಅಂಗಿಯೊಳಗೆ ಸೇರಿಸಬೇಕು. ಮೇಲಿನವರನ್ನು ಇಳಿಸುವಾಗ ಕೂದಲು ಬೆಲೇ ಸಾಧನದೊಳಗೆ (ಕೆಳಗೆ ನಿಂತು ಹತ್ತುವವರ ಹಗ್ಗ ಹಿಡಿದು ಕಾಯುವುದೇ ಬೆಲೇ, ಆ ಹಗ್ಗ ಹಾಯುವ ಸಾಧನ ಇದು) ಸಿಕ್ಕಿದರೆ, ಹಗ್ಗದಲ್ಲಿ ಇನ್ನೊಬ್ಬರ ಭಾರ ಇರುವುದರಿಂದ ಬಿಡಿಸುವುದು ಬಹಳ ಕಷ್ಟ. ಎದೆ ಬಿಗಿದುಕೊಳ್ಳುವ ಒಳಉಡುಪು ಧರಿಸುವವರು ಆ ದಿನ ಸಡಿಲವಾದದ್ದನ್ನೋ ಸ್ಪೋರ್ಟ್ಸ್ ಬ್ರಾವನ್ನೋ ಹಾಕಿಕೊಳ್ಳಲಿ, ಪೂರ್ತಿ ಉಸಿರೆಳೆಯಲು ಆಗಬೇಕು ಎಂಬ ಸಾಲನ್ನೂ ಅದರಲ್ಲೇ ಸೇರಿಸಿ. ಎಲ್ಲರಿಗೂ ಹೋಗುವ ಸಂದೇಶವಾದ್ದರಿಂದ ಯಾರ ಕಡೆಗೂ ಬೊಟ್ಟು ಮಾಡಿದಂತಾಗುವುದಿಲ್ಲ.

ಇಷ್ಟಾದರೂ ನಮ್ಮ ಅನುಮಾನ ಇರುವುದು ಬೇರೊಂದರ ಮೇಲೆ. ನಿಮ್ಮ ಕೂಟದಲ್ಲಿ ಹಗ್ಗ ಹಿಡಿದವರು ಯಾರು? ಗಂಡಸರು ಬೆಲೇ ಮಾಡಿ, ಹೆಂಗಸರು ಒಂದೊಂದು ಸಲ ಹತ್ತಿಳಿದು ಚಪ್ಪಾಳೆ ತೆಗೆದುಕೊಂಡು ಮನೆಗೆ ಹೋದರೆ ಅವರು ಅತಿಥಿಗಳಾಗಿಯೇ ಉಳಿಯುತ್ತಾರೆ. ಅತಿಥಿ ಒಮ್ಮೆ ಬಂದು ಹೋಗುವವರು. ಹಗ್ಗ ಹಿಡಿದವರನ್ನು ಕೂಟವೇ ಮುಂದಿನ ಸಲ ಹುಡುಕಿಕೊಂಡು ಬರುತ್ತದೆ.

"45 ಕಿಲೋ ಹುಡುಗಿ 80 ಕಿಲೋ ಆಳನ್ನು ಹೇಗೆ ತಡೆದಾಳು" ಎಂಬ ಮಾತು ಬರುತ್ತದೆ. ಭಾರ ತಡೆಯುವುದು ತೋಳಲ್ಲ. ಬೆಲೇ ಸಾಧನದ ಉಜ್ಜಾಟ, ಮೇಲಿನ ಕ್ಯಾರಬೈನರಿನ ಉಜ್ಜಾಟ, ಬ್ರೇಕ್ ಹಗ್ಗ (ಸಾಧನದಿಂದ ಹೊರಬಂದು ಬೆಲೇ ಮಾಡುವವರ ಕೈಯಲ್ಲಿರುವ ಭಾಗ) ಬಿಡದ ಕೈ ಇವು ಸೇರಿ ತಡೆಯುತ್ತವೆ. ಹಗುರದವರಿಗೆ ನಿಜವಾದ ತೊಂದರೆ, ಹಗ್ಗ ಅವರನ್ನೇ ಮೇಲಕ್ಕೆ ಎಳೆದುಕೊಂಡು ಹೋಗಿ ಬಂಡೆಗೆ ಬಡಿಯುವುದು. ಅದಕ್ಕೆ ಅವರ ಹಾರ್ನೆಸ್ಸಿನ ಮುಂಭಾಗದ ಬೆಲೇ ಲೂಪಿನಿಂದ ಹಿಂದೆ ಕೆಳಗಿರುವ ಮರಕ್ಕೋ ಅಲುಗದ ಗುಂಡುಕಲ್ಲಿಗೋ ಒಂದು ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ) ಕಟ್ಟಿ. ಸಡಿಲು ಇರಕೂಡದು. ಮರ, ಬೆಲೇ ಮಾಡುವವರು (ಬೆಲೇಯರ್), ಮೇಲೆ ಹಗ್ಗವನ್ನು ಬಂಡೆಗೆ ಭದ್ರ ಮಾಡಿದ ಆಂಕರ್ ಒಂದೇ ಗೆರೆಯಲ್ಲಿರಬೇಕು. ಪಕ್ಕಕ್ಕೆ ಕಟ್ಟಿದರೆ ಎಳೆತ ಬಂದೊಡನೆ ಅವರು ತಿರುಗಿಬಿಡುತ್ತಾರೆ. ನಿಲ್ಲುವುದು ಬಂಡೆಯ ಬುಡಕ್ಕೆ ಹತ್ತಿರ. ಕಲಿಯುವಾಗ ಸಮತೂಕದವರನ್ನು ಜೊತೆ ಮಾಡಿ, ಮೂರನೆಯವರೊಬ್ಬರು ಒಂದು ಮೀಟರ್ ಹಿಂದೆ ಬ್ರೇಕ್ ಹಗ್ಗ ಹಿಡಿದಿರಲಿ. ಮೊದಲು ಸಮನೆಲದಲ್ಲೇ ಒಬ್ಬರು ನಡೆಯುತ್ತಾ ಇನ್ನೊಬ್ಬರು ಹಗ್ಗ ಎಳೆದುಕೊಳ್ಳುವ ಅಭ್ಯಾಸ, ಆಮೇಲೆ ಒಂದು ಮೀಟರ್ ಎತ್ತರದಲ್ಲಿ ಹಗ್ಗದ ಮೇಲೆ ಕೂತು ನೋಡುವುದು, ಆಮೇಲೆ ಹತ್ತುವುದು. ಮುಂದಿನ ತಿಂಗಳುಗಳಲ್ಲಿ ಆಂಕರ್ ಕಟ್ಟುವುದನ್ನೂ ಅವರಿಗೆ ಕಲಿಸಿ. ಎರಡು ಸ್ಲಿಂಗುಗಳ ನಡುವಿನ ಕೋನ 60 ಡಿಗ್ರಿಯಾದರೆ ಒಂದೊಂದರ ಮೇಲೆ ಸುಮಾರು 58 ಶೇಕಡಾ ಭಾರ, 120 ಆದರೆ ಒಂದೊಂದರ ಮೇಲೂ ಪೂರ್ತಿ ಭಾರ ಎಂಬ ಲೆಕ್ಕ ತಿಳಿದವರು ಯಾರ ಮಾತಿಗೂ ಕಾಯದೆ ಹಗ್ಗ ಹಾಕುತ್ತಾರೆ.

ಯಾವ ಬಂಡೆಯಿಂದ ಶುರು ಮಾಡುತ್ತೀರಿ ಎಂಬುದೂ ಮುಖ್ಯ. ನಮ್ಮ ಸೀಮೆಯ ಕಣಶಿಲೆಯ (ಗ್ರಾನೈಟ್) ಓರೆಬಂಡೆಗಳು ತೋಳಿನ ಬಲಕ್ಕಿಂತ ಪಾದದ ನಂಬಿಕೆ ಕೇಳುತ್ತವೆ. ಹಿಮ್ಮಡಿ ತಗ್ಗಿಸಿ, ಎದೆಯನ್ನು ಕಲ್ಲಿನಿಂದ ದೂರವಿಟ್ಟು, ಪಾದದ ಮೇಲೆ ನಿಂತವರಿಗೆ ಅವು ಒಲಿಯುತ್ತವೆ. ತೋಳಿನಲ್ಲಿ ಜೋತು ಏರುವ ಚಾಚುಬಂಡೆಯಿಂದ ಆರಂಭಿಸಿ "ಹುಡುಗಿಯರಿಗೆ ಕಷ್ಟ" ಎನ್ನುವುದು ಅನ್ಯಾಯ. ಐದಡಿಯವರಿಗೆ ಆರಡಿಯವರ ಹಿಡಿತ ಎಟುಕುವುದಿಲ್ಲ, ಅವರು ತಮ್ಮದೇ ದಾರಿ ಹುಡುಕಬೇಕು. ಅಷ್ಟರಲ್ಲಿ ಕೆಳಗಿನಿಂದ ಐದು ಜನ "ಬಲಗಾಲು! ಬಲಗಾಲು!" ಎಂದು ಕೂಗಿದರೆ ಹುಡುಕುವ ಸಂತೋಷವೇ ಹೋಯಿತು. ಹತ್ತುವವರು ಕೇಳುವವರೆಗೆ ಬೆಲೇಯರ್ ಬಿಟ್ಟು ಯಾರೂ ಮಾತಾಡಬಾರದು ಎಂಬ ನಿಯಮ ಮಾಡಿ. "ಹುಡುಗಿಯಾದರೂ ಹತ್ತಿದಳು" ಎಂಬ ಹೊಗಳಿಕೆಯೂ ಬೇಡ. ಅಮೆರಿಕದ ಎಲ್ ಕ್ಯಾಪಿಟನ್ ಬಂಡೆಯ ನೋಸ್ ದಾರಿಯನ್ನು 1993ರಲ್ಲಿ ಹಗ್ಗ, ಸಲಕರಣೆಗಳ ಮೇಲೆ ಭಾರ ಹಾಕದೆ ಮೊದಲು ಹತ್ತಿದವರು ಐದಡಿ ಎರಡಂಗುಲದ ಲಿನ್ ಹಿಲ್. ಅದಕ್ಕೂ ಮೊದಲು ಯಾವ ಗಂಡಸಿಗೂ ಅದು ಸಾಧ್ಯವಾಗಿರಲಿಲ್ಲ.

ಫೋಟೋ ವಿಷಯದಲ್ಲಿ ಸಲಿಗೆ ಬೇಡ. ಹಾರ್ನೆಸ್ ಬಿಗಿದವರನ್ನು ಕೆಳಗಿನಿಂದ ತೆಗೆದ ಚಿತ್ರ ಯಾರಿಗೂ ಹಿತವಲ್ಲ. ಪಕ್ಕದಿಂದ ಇಲ್ಲವೇ ಮೇಲಿನಿಂದ ತೆಗೆಯಿರಿ. ಹಂಚುವ ಮೊದಲು ಚಿತ್ರದಲ್ಲಿರುವವರಿಗೆ ತೋರಿಸಿ ಕೇಳಿ. ಹಾಸ್ಟೆಲ್ಲಿನವರು ನೋಡಿದರೆ ಒಬ್ಬಳಿಗೆ ಮುಂದಿನ ಭಾನುವಾರ ಹೊರಗೆ ಬರುವುದೇ ನಿಲ್ಲಬಹುದು. ತನ್ನ ಗುರುತನ್ನು ಮನೆಯಲ್ಲಿ ಹೇಳಿಕೊಂಡಿರದ ವ್ಯಕ್ತಿಗೆ ಅದರಿಂದ ಆಗುವ ಹಾನಿ ಇನ್ನೂ ದೊಡ್ಡದು. ನೋಂದಣಿ ಚೀಟಿಯಲ್ಲೂ ಇದೇ ಎಚ್ಚರ ಬೇಕು. "ನಿಮ್ಮನ್ನು ಏನೆಂದು ಕರೆಯಬೇಕು" ಎಂದು ಕೇಳಿ, ಅದೇ ಹೆಸರಿನಿಂದ ಕರೆಯಿರಿ. ಗಂಡೋ ಹೆಣ್ಣೋ ಎಂಬ ಕಾಲಂ ಹಗ್ಗಕ್ಕೆ ಬೇಕಿಲ್ಲ. ತುರ್ತಿಗೆ ಯಾರಿಗೆ ಫೋನ್ ಮಾಡಬೇಕು ಎಂಬುದರ ಪಕ್ಕದಲ್ಲೇ "ಅವರೊಂದಿಗೆ ಮಾತಾಡುವಾಗ ಯಾವ ಹೆಸರು ಹೇಳಬೇಕು" ಎಂಬ ಸಾಲು ಇರಲಿ. ಬಿದ್ದು ಕಾಲು ಮುರಿದ ಹೊತ್ತಿನಲ್ಲಿ ಗಾಬರಿಯಿಂದ ಹೊಸ ಹೆಸರು ಹೇಳಿಬಿಟ್ಟರೆ ಆ ಮನೆಯಲ್ಲಿ ಏನಾಗುತ್ತದೋ ನಿಮಗೆ ಗೊತ್ತಿರುವುದಿಲ್ಲ. ಆರೋಗ್ಯದ ಪ್ರಶ್ನೆಗಳು ಹೃದಯ, ಮೂರ್ಛೆ, ಅಲರ್ಜಿ, ಇತ್ತೀಚಿನ ಶಸ್ತ್ರಚಿಕಿತ್ಸೆ, ಗರ್ಭ ಇಷ್ಟಕ್ಕೆ ನಿಲ್ಲಲಿ. ಚೀಟಿ ಒಬ್ಬರ ಕೈಯಲ್ಲೇ ಇರಲಿ.

ದೂರು ಬಂದರೆ ಯಾರಿಗೆ ಹೇಳಬೇಕೆಂದು ಬೆಳಿಗ್ಗೆಯೇ ಇಬ್ಬರನ್ನು ತೋರಿಸಿಬಿಡಿ, ಅವರಲ್ಲಿ ಒಬ್ಬರು ನಿಮ್ಮ ಗೆಳೆಯರ ಬಳಗದ ಹೊರಗಿನವರಾಗಿರಲಿ. ದೂರು ಯಾರ ಮೇಲಿದೆಯೋ ಅವರು ವಿಚಾರಣೆ ಮುಗಿಯುವವರೆಗೆ ಹಗ್ಗ ಮುಟ್ಟುವಂತಿಲ್ಲ, ಎಷ್ಟೇ ನುರಿತವರಾದರೂ ಸರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112 ಎಂಬುದನ್ನು ಚೀಟಿಯಲ್ಲೇ ಅಚ್ಚು ಹಾಕಿ.

ಹೋಗಿಬರುವ ದಾರಿಯನ್ನೂ ಯೋಚಿಸಿ. ತಮಿಳುನಾಡಿನಲ್ಲಿ 2021ರಿಂದ ಸಾಧಾರಣ ದರದ ಸರ್ಕಾರಿ ಟೌನ್ ಬಸ್ಸುಗಳಲ್ಲಿ ಹೆಂಗಸರಿಗೂ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೂ ಟಿಕೆಟ್ ಹಣ ಇಲ್ಲ. ಅಂಥ ಬಸ್ಸು ಮುಟ್ಟುವ ಬಂಡೆ ಆರಿಸಿದರೆ ಯಾರೂ ಗುರುತಿಲ್ಲದವರ ಬೈಕಿನ ಹಿಂದೆ ಕೂರಬೇಕಿಲ್ಲ. ಎಷ್ಟು ಗಂಟೆಗೆ ಮುಗಿಸುತ್ತೀರೆಂದು ಮೊದಲೇ ಹೇಳಿ, ಆ ಹೊತ್ತಿಗೇ ಮುಗಿಸಿ. ಹಾಸ್ಟೆಲ್ ಗೇಟು ಯಾರಿಗೂ ಕಾಯುವುದಿಲ್ಲ. ಶಿಫ್ಟಿನವರಿಗೆ ಪ್ರತಿ ಭಾನುವಾರ ರಜೆ ಇರದು, ಎರಡು ತಿಂಗಳಿಗೊಮ್ಮೆ ವಾರದ ನಡುವಿನ ಒಂದು ದಿನವೂ ಇರಲಿ.

ಬೇರೆ ದಿನ ಇಡಬೇಕೆ ಎಂದಿದ್ದೀರಿ. ಇಡಿ, ಆದರೆ ಎಲ್ಲರ ಕೂಟಕ್ಕೆ ಬದಲಾಗಿ ಅಲ್ಲ, ಅದರ ಜೊತೆಗೆ. ತಪ್ಪು ಮಾಡಿ ಕಲಿಯಲು, ನಿಧಾನವಾಗಲು, ಮೊದಲ ಬಾರಿಗೆ ಬೆಲೇ ಹಿಡಿಯಲು ನೋಡುವ ಕಣ್ಣುಗಳು ಕಡಿಮೆ ಇರುವ ಒಂದು ದಿನ ಬೇಕು. ಆಹ್ವಾನದಲ್ಲಿ "ಹೆಂಗಸರು, ಟ್ರಾನ್ಸ್ ಮಹಿಳೆಯರು, ಟ್ರಾನ್ಸ್ ಪುರುಷರು, ಗಂಡು ಹೆಣ್ಣು ಎರಡೂ ಅಲ್ಲ ಎನ್ನುವವರು" ಎಂದು ಬಿಡಿಸಿ ಬರೆಯಿರಿ. ಬಂದವರನ್ನು ಯಾರೂ ಪರೀಕ್ಷಿಸಬೇಡಿ. ಆಂಕರ್ ಕಟ್ಟಲು ತಿಳಿದ ಹೆಂಗಸರು ಸದ್ಯಕ್ಕೆ ಇಲ್ಲದಿದ್ದರೆ ನಿಮ್ಮಲ್ಲೊಬ್ಬರು ಬೆಳಿಗ್ಗೆ ಐದೂವರೆಗೆ ಬಂದು ಕಟ್ಟಿ, ದಿನವಿಡೀ ಬಂಡೆಯ ತಲೆಯ ಮೇಲೆ ಆಂಕರ್ ಕಾಯುತ್ತಾ ಕೂತಿರಲಿ. ಕೆಳಗೆ ನಡೆಯುವುದೆಲ್ಲ ಅವರದೇ ಕೈಯಲ್ಲಿರಲಿ.

ಕೈಯಲ್ಲಿ ಹಣ ಕಡಿಮೆ ಎಂದೂ ಒಂದು ಸಾಲು ಬರೆದಿದ್ದಿರಿ. ಹಾಗಿದ್ದರೆ ಮೊದಲು ಟೆಂಟ್ ಕೊಳ್ಳಿ. ಎರಡನೆಯದು ಎರಡು ಸಣ್ಣ ಅಳತೆಯ ಹಾರ್ನೆಸ್ ಮತ್ತು ಒಂದು ಉದ್ದದ ಸ್ಲಿಂಗ್. ಶೂ ಕೊಳ್ಳುವ ದಿನ ಬಂದಾಗ 36ರಿಂದ 39ರ (ಯುರೋಪಿಯನ್) ಅಳತೆಗಳಿಂದ ಶುರು ಮಾಡಿ. ಅಲ್ಲಿಯವರೆಗೆ ತೆಳು ರಬ್ಬರ್ ಅಟ್ಟೆಯ, ಕಾಲಿಗೆ ಬಿಗಿಯಾದ ಕ್ಯಾನ್ವಾಸ್ ಶೂಗಳಲ್ಲೇ ಒಣಗಿದ ಓರೆಬಂಡೆಯನ್ನು ಹತ್ತಬಹುದು.